ಅತ್ತೆಯವರು ಹಾಕಿಟ್ಟ ವೈನು: ಕುಡಿಯಬಹುದೇ, ಚೆಲ್ಲಬೇಕೇ?

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನಮ್ಮ ಕಾರ್ಯಕರ್ತೆಯರ ತಂಡ ಮಾಡಿದ ಭಾಷಣದ ಬರಹರೂಪ)

 ನಮ್ಮ ಜಿಲ್ಲೆಗೆ 2007ರಲ್ಲಿ ರಾಮನಗರ ಅಂತ ಹೆಸರಿಟ್ಟರು, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಬದಲಾಯಿಸಿದರು. ಹೆಸರು ಏನೇ ಆಗಲಿ, ನಮ್ಮ ಸಂಘಗಳು ಅವೇ, ನಮ್ಮ ಕಷ್ಟಸುಖಗಳೂ ಅವೇ.

ಪ್ರತಿ ಸಾರಿ ಉಳಿತಾಯ, ಸಾಲ, ಮರುಪಾವತಿ, ಪುಸ್ತಕ ಬರೆಯೋದು, ಇದನ್ನೇ ಮಾತಾಡುತ್ತೇವೆ. ಇವತ್ತು ಬೇರೆ ವಿಷಯ. ಮನೆಯಲ್ಲಿ ಮಾಡಿ, ಅಟ್ಟದ ಮೇಲೋ ಮಂಚದ ಕೆಳಗೋ ಇಟ್ಟು, ವರ್ಷಗಟ್ಟಲೆ ಮರೆತುಹೋದ ವೈನಿನ ವಿಷಯ. ನಗಬೇಡಿ. ಈ ಪ್ರಶ್ನೆ ನಾವು ಹುಡುಕಿ ತಂದದ್ದಲ್ಲ, ಒಂದು ಸಂಘದ ಸಭೆಯಲ್ಲಿ ಎದ್ದು ಬಂದದ್ದು. ಉತ್ತರ ಕೊಡಲಿಕ್ಕೆ ಹೋದ ನಾವೇ ಎಷ್ಟೋ ಕಲಿತೆವು.

ನಮ್ಮ ಸಂಘಗಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದೀರಿ. ಹೆಂಡದ ವಾಸನೆಯೇ ಆಗದ ಮನೆಯವರೂ ಇದ್ದೀರಿ. ‘ನಮಗ್ಯಾಕೆ ಈ ಮಾತು’ ಅನ್ನಬೇಡಿ. ಜಾಡಿ, ಕ್ಯಾನು, ಬಾಟಲಿ ಬಗ್ಗೆ ಹೇಳುವ ಮಾತು ನಿಮ್ಮ ಉಪ್ಪಿನಕಾಯಿಗೂ ಹುಣಸೆರಸಕ್ಕೂ ಅನ್ವಯಿಸುತ್ತದೆ. ಕುಡಿತದ ಬಗ್ಗೆ ಹೇಳುವ ಮಾತಂತೂ ಯಾವ ಓಣಿಗೂ ಹೊರಗಿನದಲ್ಲ.

ಪ್ರಶ್ನೆ ಬಂದದ್ದು ಹೀಗೆ

ಕನಕಪುರ ಕಡೆಯ ಒಂದು ಊರು. ಸಭೆ ಮುಗಿದು, ನಡಾವಳಿ ಪುಸ್ತಕಕ್ಕೆ ಎಲ್ಲರೂ ಸಹಿ ಹಾಕಿದ ಮೇಲೆ ಒಬ್ಬ ಸದಸ್ಯೆ ಚೀಲದಿಂದ ಬಟ್ಟೆ ಸುತ್ತಿದ ಒಂದು ಬಾಟಲಿ ತೆಗೆದು ಚಾಪೆಯ ಮೇಲಿಟ್ಟರು. ‘ಇದು ನಮ್ಮತ್ತೆವ್ರು ಹಾಕಿಟ್ಟಿದ್ದು ಅಕ್ಕ. ನನ್ನ ಮಗಳು ಹುಟ್ಟಿದ ವರ್ಷ ದ್ರಾಕ್ಷಿ ತಂದು ಅವರೇ ಕೈಯಾರೆ ಮಾಡಿದ್ರು. ಇವಳ ಮದುವೆ ದಿನ ತೆಗೀರಿ ಅಂತ ಹೇಳಿದ್ರು. ಅತ್ತೆ ತೀರ್ಕೊಂಡು ಆರು ವರ್ಷ ಆಯ್ತು. ಈಗ ಮಗಳಿಗೆ ಗಂಡು ಗೊತ್ತಾಗಿದೆ. ವೈನು ಹಳೇದಾದಷ್ಟೂ ಒಳ್ಳೇದು ಅಂತಾರಲ್ಲ, ಇದನ್ನ ನೆಂಟರಿಗೆ ಕೊಡಬೋದಾ?’ ಅಂತ ಕೇಳಿದರು.

ಎಲ್ಲಿಟ್ಟಿದ್ದಿರಿ ಅಂತ ಕೇಳಿದೆವು. ಒಲೆಯ ಮೇಲಿನ ಅಟ್ಟದಲ್ಲಿ. ಮೇಲೆ ಶೀಟಿನ ಮಾಡು. ಇಪ್ಪತ್ತೆರಡು ಬೇಸಿಗೆ ಅದು ಅಲ್ಲೇ ಇತ್ತು.

ಸುತ್ತ ಕೂತವರು ಒಬ್ಬೊಬ್ಬರು ಒಂದೊಂದು ಹೇಳಿದರು. ‘ಕುಡೀರಿ, ಔಷಧಿ ಅದು’ ಅಂದರು ಒಬ್ಬರು. ‘ಬೇಡಮ್ಮಾ, ವಿಷ ಆಗಿರುತ್ತೆ, ಜೀವ ಹೋಗುತ್ತೆ’ ಅಂದರು ಇನ್ನೊಬ್ಬರು. ನಿಜ ಹೇಳಬೇಕೆಂದರೆ ಆ ಹೊತ್ತು ನಮಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಮುಂದಿನ ಸಭೆಗೆ ತಿಳಿದುಕೊಂಡು ಬರುತ್ತೇವೆ, ಅಲ್ಲಿಯವರೆಗೆ ಮುಚ್ಚಳ ತೆಗೆಯಬೇಡಿ ಅಂತ ಹೇಳಿ ಬಂದೆವು. ತಿಳಿದುಕೊಂಡದ್ದನ್ನು ಈಗ ನಿಮ್ಮ ಮುಂದಿಡುತ್ತೇವೆ.

ಎಲ್ಲವೂ ಹಗೇವಿನ ರಾಗಿಯಲ್ಲ

‘ಹಳೇದಾದಷ್ಟೂ ಒಳ್ಳೇದು’ ಅನ್ನುವ ಮಾತು ನಮಗೆ ಯಾಕೆ ಬೇಗ ನಂಬಿಕೆಗೆ ಬರುತ್ತದೆ? ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿ, ಮಣ್ಣು ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು. ಬರ ಬಂದಾಗ ತೆಗೆದರೆ ರಾಗಿ ಹಾಗೇ ಇರುತ್ತಿತ್ತು. ಹಳೇ ಅಕ್ಕಿ ಅನ್ನಕ್ಕೆ ಚೆನ್ನ. ಹಳೇ ಹುಣಸೆಹಣ್ಣು ಸಾರಿಗೆ ಚೆನ್ನ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಆಲೆ ಮರವನ್ನೂ ಒಣಗಿಸಿಟ್ಟ ಮೇಲೇ ಕಡೆಯುತ್ತಾರೆ. ಆದ್ದರಿಂದ ವೈನೂ ಹಾಗೇ ಅಂದುಕೊಳ್ಳುತ್ತೇವೆ.

ಆದರೆ ಹಗೇವಿನಲ್ಲೂ ಒಂದು ಗುಟ್ಟಿತ್ತು. ಒಣಗಿದ ಕಾಳು, ಗಾಳಿಯಿಲ್ಲದ ಗುಂಡಿ, ಬಿಸಿಲು ತಾಗದ ತಂಪು. ಇದರಲ್ಲಿ ಒಂದು ತಪ್ಪಿದರೂ ರಾಗಿ ಮುಗ್ಗುತ್ತಿತ್ತು. ಅಂದರೆ ರಾಗಿಯನ್ನು ಕಾದದ್ದು ವಯಸ್ಸಲ್ಲ, ಇಟ್ಟ ರೀತಿ. ವೈನಿಗೂ ಇದೇ ಮಾತು, ಇನ್ನೂ ನಾಲ್ಕು ಪಟ್ಟು ಬಿಗಿಯಾಗಿ.

ಹೊರದೇಶಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಇಟ್ಟು ಕುಡಿಯುವ ವೈನು ಇರುವುದು ನಿಜ. ಅದಕ್ಕೆ ಬೇರೆ ಜಾತಿಯ ದ್ರಾಕ್ಷಿ ಬೇಕು. ಅದರಲ್ಲಿ ಒಗರು, ಹುಳಿ ಹೆಚ್ಚಿರಬೇಕು. ಕೆಡದಂತೆ ಗಂಧಕದ ಅಂಶವನ್ನು ಅಳತೆಯಲ್ಲಿ ಸೇರಿಸಿರುತ್ತಾರೆ. ನೆಲಮಾಳಿಗೆಯಲ್ಲಿ, ಕತ್ತಲಲ್ಲಿ, ಸುಮಾರು 12ರಿಂದ 14 ಡಿಗ್ರಿ ತಂಪಿನಲ್ಲಿ, ಅಲುಗಾಡದಂತೆ ಮಲಗಿಸಿಟ್ಟಿರುತ್ತಾರೆ. ಅಷ್ಟೆಲ್ಲ ಮಾಡಿದರೂ ಪ್ರಪಂಚದಲ್ಲಿ ತಯಾರಾಗುವ ವೈನಿನಲ್ಲಿ ಬಹುಪಾಲು ಒಂದೆರಡು ವರ್ಷದೊಳಗೆ ಕುಡಿಯಲಿಕ್ಕೆಂದೇ ಮಾಡಿದ್ದು. ದೀರ್ಘಕಾಲ ಇಡುವಂಥದ್ದು ಬಹಳ ಕಡಿಮೆ.

ನಮ್ಮ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಮಾಡುವುದು ಹೆಚ್ಚಾಗಿ ಬೆಂಗಳೂರು ನೀಲಿ ದ್ರಾಕ್ಷಿಯಿಂದ. ಒಳ್ಳೇ ಘಮ, ಒಳ್ಳೇ ಬಣ್ಣ, ತಿನ್ನಲಿಕ್ಕೂ ರಸಕ್ಕೂ ಹೆಸರಾದದ್ದು. ಆದರೆ ಅದರ ವೈನು ಹೊಸದರಲ್ಲೇ ಚೆನ್ನ, ವರ್ಷಗಟ್ಟಲೆ ತಾಳುವ ಶಕ್ತಿ ಅದಕ್ಕಿಲ್ಲ. ಅದರ ಮೇಲೆ ನಾವು ಸಕ್ಕರೆ ಹಾಕುತ್ತೇವೆ, ಗಂಧಕ ಹಾಕುವುದಿಲ್ಲ, ಬಳಸಿದ ಬಾಟಲಿಗೆ ಹಳೇ ಮುಚ್ಚಳ ತಿರುಗಿಸುತ್ತೇವೆ. ಏಪ್ರಿಲ್ ತಿಂಗಳಲ್ಲಿ ನಮ್ಮಲ್ಲಿ ಹೊರಗೆ 35 ಡಿಗ್ರಿ ದಾಟುತ್ತದೆ, ಶೀಟಿನ ಕೆಳಗೆ ಇನ್ನೂ ಜಾಸ್ತಿ. ಇಂಥಾ ಕಡೆ ಇಟ್ಟ ಮನೆ ವೈನು ಒಂದು ವರ್ಷ ಚೆನ್ನಾಗಿದ್ದರೆ ಅದೇ ಹೆಚ್ಚು.

ಒಳಗೆ ಏನಾಗುತ್ತದೆ?

ರೇಷ್ಮೆ ಹುಳು ಸಾಕುವವರಿಗೆ ಇದನ್ನು ಹೇಳುವುದು ಸುಲಭ. ಚಾಕಿ ಮನೆಯಲ್ಲಿ ಶಾಖ ಎರಡು ಡಿಗ್ರಿ ಏರಿದರೆ ನೀವು ಗೋಣಿ ಒದ್ದೆ ಮಾಡಿ ಕಟ್ಟುತ್ತೀರಿ. ಹುಳು ಜೀವ ಅಂತ ನಿಮಗೆ ಗೊತ್ತು. ವೈನಿನಲ್ಲೂ ಜೀವಾಣುಗಳಿವೆ. ಅದನ್ನು ಕೆಡಿಸುವುದು ಮುಖ್ಯವಾಗಿ ಮೂರು: ಗಾಳಿ, ಶಾಖ, ಬೆಳಕು.

ಗಾಳಿ ಒಳಗೆ ಹೋದರೆ ಒಂದು ಬಗೆಯ ಜೀವಾಣು ವೈನಿನ ಮದ್ಯವನ್ನು ತಿಂದು ಹುಳಿ ಮಾಡುತ್ತದೆ. ಅದೇ ವಿನೆಗರ್. ಜೀವಾಣು ಇಲ್ಲದಿದ್ದರೂ, ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವ ಹಾಗೆ ವೈನು ಕಂದು ಬಣ್ಣಕ್ಕೆ ತಿರುಗಿ, ಹಣ್ಣಿನ ಘಮ ಹೋಗಿ ಸಪ್ಪೆಯಾಗುತ್ತದೆ. ಶಾಖ ಹೆಚ್ಚಾದಷ್ಟೂ ಈ ಕೆಲಸ ಬೇಗ ಬೇಗ ನಡೆಯುತ್ತದೆ. ಹಗಲು ಕಾದು ರಾತ್ರಿ ತಣ್ಣಗಾದರೆ ಒಳಗಿನ ರಸ ಹಿಗ್ಗುತ್ತದೆ, ಕುಗ್ಗುತ್ತದೆ. ಹಿಗ್ಗಿದಾಗ ಬಿರಡೆಯನ್ನು ನೂಕುತ್ತದೆ, ಕುಗ್ಗಿದಾಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಾಟಲಿಯ ಕತ್ತಿನಲ್ಲಿ ಅಂಟಂಟು ಸೋರಿದ ಗುರುತಿದ್ದರೆ, ರಸ ಎರಡು ಬೆರಳು ಇಳಿದಿದ್ದರೆ, ಅದಕ್ಕೆ ಗಾಳಿ ಹೋಗಿದೆ ಅಂತಲೇ ತಿಳಿಯಿರಿ. ಬಿಳಿ ಗಾಜಿನ ಬಾಟಲಿಯನ್ನು ಕಿಟಕಿ ಹತ್ತಿರ ಇಟ್ಟರೆ ಬೆಳಕೇ ಅದರ ರುಚಿ ಕೆಡಿಸುತ್ತದೆ.

ಹಾಗಾದರೆ ಅದು ವಿಷವಾಗುತ್ತದೆಯೇ? ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಸರಿಯಾಗಿ ಹುದುಗಿದ ದ್ರಾಕ್ಷಿ ವೈನಿನಲ್ಲಿ ಹುಳಿಯೂ ಮದ್ಯವೂ ಇರುವುದರಿಂದ ಹೊಟ್ಟೆ ಕೆಡಿಸುವ ಸಾಮಾನ್ಯ ರೋಗಾಣುಗಳು ಅದರಲ್ಲಿ ಬೆಳೆಯುವುದು ಕಷ್ಟ. ಹಳೆಯದಾಯಿತು ಅನ್ನುವ ಒಂದೇ ಕಾರಣಕ್ಕೆ ಅದು ಪ್ರಾಣ ತೆಗೆಯುವುದಿಲ್ಲ. ಹುಳಿಯಾಗುತ್ತದೆ, ಸಪ್ಪೆಯಾಗುತ್ತದೆ, ಕುಡಿದರೆ ಬಾಯಿ ಕೆಡುತ್ತದೆ, ಕೆಲವರಿಗೆ ತಲೆನೋವು ಹೊಟ್ಟೆಯುರಿ ಬರಬಹುದು.

‘ಹಂಗಾದ್ರೆ ಕಳ್ಳಭಟ್ಟಿ ಕುಡಿದು ಜನ ಸತ್ತರಲ್ಲ?’ ಅಂತ ಕೇಳುತ್ತೀರಿ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಪಕ್ಕದ ಕೃಷ್ಣಗಿರಿ ಕಡೆ ಮತ್ತೆ ನೂರಕ್ಕೂ ಹೆಚ್ಚು ಜನ. ಅವರನ್ನು ಕೊಂದದ್ದು ಮೆಥನಾಲ್ ಅನ್ನುವ ಕಾರ್ಖಾನೆಯ ಸ್ಪಿರಿಟ್ಟು. ಅದು ವಯಸ್ಸಾದದ್ದರಿಂದ ಬಂದದ್ದಲ್ಲ, ದುಡ್ಡಿನಾಸೆಗೆ ಬೆರೆಸಿದ್ದು. ದ್ರಾಕ್ಷಿ ಹುದುಗುವಾಗ ಮೆಥನಾಲ್ ಬಹಳ ಸ್ವಲ್ಪ ಹುಟ್ಟುತ್ತದೆ, ಬಾಟಲಿಯಲ್ಲಿಟ್ಟರೆ ಬೆಳೆಯುವುದಿಲ್ಲ. ಆದರೆ ‘ಕಿಕ್ ಬರಲಿ’ ಅಂತ ಎಲ್ಲಿಂದಲೋ ತಂದ ಸ್ಪಿರಿಟ್ಟನ್ನು ಮನೆ ವೈನಿಗೆ ಬೆರೆಸುವವರಿದ್ದಾರೆ. ಅಂಥದ್ದನ್ನು ಮುಟ್ಟಲೇಬೇಡಿ. ಕುಡಿದವರಿಗೆ ಅರ್ಧ ದಿನ, ಒಂದು ದಿನ ಕಳೆದ ಮೇಲೆ ಕಣ್ಣು ಮಂಜಾಗುವುದು, ವಾಂತಿ, ಹೊಟ್ಟೆನೋವು, ಉಸಿರು ಜೋರಾಗುವುದು ಕಂಡರೆ ‘ನಿಶೆ ಇಳಿದ್ರೆ ಸರಿಹೋಗುತ್ತೆ’ ಅಂತ ಮಲಗಿಸಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.

ನಿಜವಾದ ಅಪಾಯ ಎಲ್ಲಿದೆ?

ಊರೂರು ತಿರುಗಿ ಕೇಳಿದಾಗ ನಮಗೆ ಗೊತ್ತಾದದ್ದು ಇದು: ಅಪಾಯ ಹೆಚ್ಚಾಗಿ ವೈನಿನ ವಯಸ್ಸಿನಲ್ಲಿ ಇರುವುದಿಲ್ಲ, ಅದನ್ನು ಇಟ್ಟ ಪಾತ್ರೆಯಲ್ಲಿ ಇರುತ್ತದೆ.

ರಾಮನಗರದ ಹತ್ತಿರ ಒಂದು ಮನೆಯಲ್ಲಿ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ವೈನು ತುಂಬಿಟ್ಟಿದ್ದರು. ಕ್ಯಾನು ಎಲ್ಲಿಂದ ಬಂತು ಅಂತ ಕೇಳಿದರೆ, ಹುಳು ಮನೆ ತೊಳೆಯಲಿಕ್ಕೆ ಫಾರ್ಮಲಿನ್ ತಂದ ಕ್ಯಾನಂತೆ. ‘ಸೋಪು ಹಾಕಿ ಮೂರು ಸಾರಿ ತೊಳೆದಿದ್ದೀವಿ’ ಅಂದರು. ತಾಯಂದಿರೇ, ಸೋಂಕು ನಿವಾರಕ, ಕೀಟನಾಶಕ, ಸೀಮೆಎಣ್ಣೆ ಇದ್ದ ಪ್ಲಾಸ್ಟಿಕ್ ಕ್ಯಾನನ್ನು ನೂರು ಸಾರಿ ತೊಳೆದರೂ ಊಟದ ವಸ್ತುವಿಗೆ ಬಳಸಬಾರದು. ಪ್ಲಾಸ್ಟಿಕ್ಕು ಅದನ್ನು ಹೀರಿಕೊಂಡಿರುತ್ತದೆ. ಹುಳಿ, ಮದ್ಯ ಎರಡೂ ಅದನ್ನು ಮೆಲ್ಲಗೆ ಹೊರಗೆಳೆಯುತ್ತವೆ. ಆ ಮನೆಯವರು ನಮ್ಮೆದುರೇ ಅದನ್ನು ಚೆಲ್ಲಿ, ಕ್ಯಾನಿಗೆ ತೂತು ಮಾಡಿದರು. ಯಾರೂ ಮತ್ತೆ ಬಳಸಬಾರದು ಅಂತ.

ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಯಲ್ಲೂ ಹುಳಿ ಪದಾರ್ಥ ಇಡಬಾರದು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಡಬಾರದು ಅಂತ ನಮ್ಮ ಅಜ್ಜಿಯರಿಗೇ ಗೊತ್ತಿತ್ತು. ಒಳಗೆ ಬಣ್ಣ ಹಚ್ಚಿದ, ಮೆರುಗು ಎದ್ದುಹೋದ ಹಳೇ ಪಿಂಗಾಣಿ ಜಾಡಿಯಲ್ಲಿ ಸೀಸದ ಅಂಶ ಇರಬಹುದು, ಹುಳಿ ಅದನ್ನೂ ಕರಗಿಸುತ್ತದೆ. ಗಾಜು ಎಲ್ಲಕ್ಕಿಂತ ವಾಸಿ.

ಗಾಜಿನಲ್ಲೂ ಒಂದು ಎಚ್ಚರಿಕೆ ಬೇಕು. ಮಾಗಡಿ ಕಡೆಯ ಒಬ್ಬ ಸದಸ್ಯೆ ಹುದುಗು ಪೂರ್ತಿ ನಿಲ್ಲುವ ಮೊದಲೇ ವೈನನ್ನು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟಿದ್ದರು. ಸಿಹಿ ಉಳಿದಿತ್ತು. ಮಾರ್ಚ್ ತಿಂಗಳ ಶಾಖಕ್ಕೆ ಅದು ಮತ್ತೆ ಹುದುಗಲು ಶುರುಮಾಡಿತು. ಒಂದು ಮಧ್ಯಾಹ್ನ ಬಾಟಲಿ ಪಟಾಕಿ ಹಾಗೆ ಒಡೆದು ಗಾಜು ಗೋಡೆಗೆ ನಾಟಿತು. ಮಗು ಅಂಗನವಾಡಿಗೆ ಹೋಗಿತ್ತು, ಆದ್ದರಿಂದ ಉಳಿಯಿತು. ಹೊಸ ದ್ರಾಕ್ಷಾರಸವನ್ನು ಹಳೇ ಬುದ್ದಲಿಗೆ ತುಂಬಿದರೆ ಏನಾಗುತ್ತದೆ ಅಂತ ಸುವಾರ್ತೆಯಲ್ಲಿ ಬರುವ ಮಾತನ್ನು ಚರ್ಚಿಗೆ ಹೋಗುವವರು ಕೇಳಿದ್ದೀರಿ. ಅದು ಬರೀ ಉಪಮೆಯಲ್ಲ, ಆ ಕಾಲದ ಮನೆಗಳಲ್ಲಿ ಆಗುತ್ತಿದ್ದ ಕೆಲಸವೇ. ಮುಚ್ಚಳ ಉಬ್ಬಿದ, ಒಳಗೆ ಗುಳ್ಳೆ ಏಳುವ ಬಾಟಲಿ ಕಂಡರೆ ಅಲುಗಾಡಿಸಬೇಡಿ. ದಪ್ಪ ಗೋಣಿ ಸುತ್ತಿ, ಮುಖ ದೂರ ಇಟ್ಟುಕೊಂಡು, ಹೊರಗೆ ಒಯ್ದು ಮೆಲ್ಲಗೆ ಮುಚ್ಚಳ ಸಡಿಲಿಸಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ತೆಗೆದು ನೋಡುವ ರೀತಿ

ಹಳೇ ಬಾಟಲಿ ಸಿಕ್ಕಿದರೆ ಈ ಕ್ರಮದಲ್ಲಿ ನೋಡಿ:

1. ಯಾರು ಮಾಡಿದ್ದು, ಯಾವ ಪಾತ್ರೆಯಲ್ಲಿ ಇತ್ತು, ಏನಾದರೂ ಬೆರೆಸಿದ್ದಾರಾ? ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಮುಂದೆ ಹೋಗುವುದೇ ಬೇಡ, ಚೆಲ್ಲಿ.

2. ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಗಸಿ ಇದ್ದರೆ ಹೆದರಬೇಕಾಗಿಲ್ಲ. ಕಲ್ಲುಸಕ್ಕರೆಯಂಥ ಹರಳು ಕಂಡರೆ ಗಾಜಿನ ಚೂರು ಅಂತ ಗಾಬರಿ ಬೀಳಬೇಡಿ. ಹುಣಸೆಹಣ್ಣಿನಲ್ಲಿರುವ ಹುಳಿಯೇ ದ್ರಾಕ್ಷಿಯಲ್ಲೂ ಇದೆ, ಅದು ಹರಳುಗಟ್ಟಿ ನಿಂತಿರುತ್ತದೆ. ಆದರೆ ಬಾಟಲಿಯ ಬಾಯಿ ಒಡೆದಿದ್ದರೆ ಮಾತ್ರ ಅದು ಗಾಜೇ ಇರಬಹುದು, ಚೆಲ್ಲಿ.

3. ಮೇಲೆ ಬಿಳಿ ಪದರ, ಹಸಿರು ಕಪ್ಪು ಬೂಷ್ಟು ಕಂಡರೆ ಚೆಲ್ಲಿ. ಮೇಲಿನದು ತೆಗೆದು ಕೆಳಗಿನದು ಕುಡಿಯೋಣ ಅನ್ನಬೇಡಿ.

4. ಮೂಸಿ ನೋಡಿ. ವಿನೆಗರ್ ವಾಸನೆ, ಉಗುರಿನ ಬಣ್ಣ ಅಳಿಸುವ ದ್ರಾವಣದ ವಾಸನೆ, ಕೊಳೆತ ಮೊಟ್ಟೆ ವಾಸನೆ, ಒದ್ದೆ ಗೋಣಿಯ ಮುಗ್ಗುಲು ವಾಸನೆ ಬಂದರೆ ಮುಗಿಯಿತು. ಮೂಗಿಗೆ ಬೇಡವಾದದ್ದನ್ನು ಬಾಯಿಗೆ ಕೊಡಬೇಡಿ.

5. ಇಷ್ಟೆಲ್ಲ ದಾಟಿದರೆ ಒಬ್ಬ ದೊಡ್ಡವರು ಒಂದು ಹನಿ ನಾಲಿಗೆಗೆ ಇಟ್ಟು ಉಗುಳಿ ನೋಡಬಹುದು. ಹಣ್ಣಿನ ರುಚಿ ಇದೆಯಾ, ಬರೀ ಹುಳಿಯಾ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ.

ಹುಳಿಯಾದ ವೈನನ್ನು ಉಪ್ಪಿನಕಾಯಿಗೆ ಹಾಕೋಣವೇ ಅಂತ ಹಲವರು ಕೇಳಿದರು. ಬೇಡ. ಅಂಗಡಿಯ ವಿನೆಗರ್‌ನಲ್ಲಿ ಹುಳಿ ಸುಮಾರು ಶೇಕಡಾ 4 ಇರುವಂತೆ ಅಳೆದು ಮಾಡಿರುತ್ತಾರೆ. ನಮ್ಮ ಬಾಟಲಿಯಲ್ಲಿ ಎಷ್ಟಿದೆ ಅಂತ ಯಾರಿಗೆ ಗೊತ್ತು? ಹುಳಿ ಸಾಲದೆ ಹೋದರೆ ಉಪ್ಪಿನಕಾಯಿಯೇ ಕೆಡುತ್ತದೆ. ಬಚ್ಚಲ ಕಲ್ಲು ಉಜ್ಜಲಿಕ್ಕೆ ಬೇಕಾದರೆ ಬಳಸಿ.

ದೇವಾಲಯದಲ್ಲಿ ಬಲಿಪೂಜೆಗೆ ಇಡುವ ದ್ರಾಕ್ಷಾರಸಕ್ಕೂ ನಿಯಮವಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೇ ವಿಧಿ ಪ್ರಕಾರ ಅದು ದ್ರಾಕ್ಷಿಯಿಂದಲೇ ಆದದ್ದಾಗಿರಬೇಕು, ಕೆಟ್ಟಿರಬಾರದು. ಪೀಠದ ಮೇಲೆ ಇಡಲಿಕ್ಕೆ ಆಗದ್ದನ್ನು ನಮ್ಮ ಮನೆಯ ನೆಂಟರಿಗೆ ಕೊಡುವುದು ಯಾವ ಮರ್ಯಾದೆ?

‘ಔಷಧಿ’ ಅನ್ನುವವರಿಗೆ ನಾಲ್ಕು ಮಾತು

‘ಕೆಂಪು ವೈನು ರಕ್ತ ಹೆಚ್ಚಿಸುತ್ತೆ’, ‘ಬಾಣಂತಿಗೆ ಸ್ವಲ್ಪ ಕೊಟ್ರೆ ಮೈ ಗಟ್ಟಿಯಾಗುತ್ತೆ’, ‘ಹಳೇದು ಹೃದಯಕ್ಕೆ ಒಳ್ಳೇದು’, ಇವು ಮೂರೂ ನಮ್ಮ ಸಭೆಗಳಲ್ಲಿ ಕೇಳಿಬಂದ ಮಾತು. ಬಣ್ಣ ಕೆಂಪಿದ್ದ ಮಾತ್ರಕ್ಕೆ ರಕ್ತ ಆಗುವುದಿಲ್ಲ. ಹಾಗಿದ್ದರೆ ಕುಂಕುಮದ ನೀರು ಕುಡಿದರೂ ಆಗಬೇಕಿತ್ತು. ರಕ್ತ ಕಡಿಮೆ ಇದ್ದರೆ ನುಗ್ಗೆ ಸೊಪ್ಪು, ಕಾಳು, ಆಶಾ ಅಕ್ಕ ಕೊಡುವ ಕಬ್ಬಿಣಾಂಶದ ಮಾತ್ರೆ. ಬಾಣಂತಿ ಕುಡಿದರೆ ಮದ್ಯ ಎದೆಹಾಲಿಗೂ ಹೋಗುತ್ತದೆ, ಹಾಲು ಕುಡಿಯುವ ಕೂಸಿಗೆ ಅದನ್ನು ಅರಗಿಸುವ ಶಕ್ತಿ ಇಲ್ಲ. ಬಸುರಿಗಂತೂ ಒಂದು ಗುಟುಕೂ ಬೇಡ.

ಮದ್ಯ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಹೇಳಿತು. ಹೆಂಗಸರ ಸ್ತನ ಕ್ಯಾನ್ಸರಿಗೂ ಅದು ಒಂದು ಕಾರಣ. ‘ಇಷ್ಟು ಕುಡಿದರೆ ಅಪಾಯವಿಲ್ಲ’ ಅನ್ನುವ ಅಳತೆಯೇ ಇಲ್ಲ ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸಾರಿತು. ವೈನು, ಬಿಯರು, ಬ್ರಾಂದಿ ಅನ್ನುವ ಭೇದ ಇದಕ್ಕಿಲ್ಲ. ಸಕ್ಕರೆ ಕಾಯಿಲೆ, ಫಿಟ್ಸ್, ಲಿವರ್ ತೊಂದರೆಗೆ ಮಾತ್ರೆ ತಗೊಳ್ಳುವವರು ‘ಹಬ್ಬಕ್ಕೆ ಒಂದು ಲೋಟ’ ಅಂತಲೂ ಹೋಗಬೇಡಿ.

ಇನ್ನು ಮಾರಾಟದ ಮಾತು. ಉಳಿದ ಬಾಟಲಿಗಳನ್ನು ‘ಹಳೇ ವೈನು’ ಅಂತ ಹೆಚ್ಚಿನ ಬೆಲೆಗೆ ಮಾರಿ ಸಾಲದ ಕಂತು ಕಟ್ಟೋಣ ಅಂತ ಒಂದು ಸಂಘದಲ್ಲಿ ಯೋಚನೆ ಬಂದಿತ್ತು. ನಮ್ಮ ಸರ್ಕಾರ 2007ರಲ್ಲಿ ದ್ರಾಕ್ಷಾರಸ ನೀತಿ ತಂದದ್ದು ನಿಜ. ಚನ್ನಪಟ್ಟಣದ ಬಳಿ ವೈನರಿಯೂ ಬಂದದ್ದು ನಿಜ. ಆದರೆ ಅದು ಲೈಸೆನ್ಸ್ ಪಡೆದು ನಡೆಸುವ ಕಾರ್ಖಾನೆ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಅಪರಾಧ. ಮನೆಯಲ್ಲಿ ಮಾಡಿದ್ದು, ಹಬ್ಬಕ್ಕೆ ಮಾಡಿದ್ದು ಅಂದರೆ ಕಾಯ್ದೆ ಕೇಳುವುದಿಲ್ಲ. ಸಂಘದ ಹೆಸರು ಪೊಲೀಸ್ ಸ್ಟೇಷನ್ ಹತ್ತಿದರೆ ಇಷ್ಟು ವರ್ಷ ಕಟ್ಟಿದ ನಂಬಿಕೆ ಒಂದು ದಿನದಲ್ಲಿ ಹೋಗುತ್ತದೆ. ದ್ರಾಕ್ಷಿಯಲ್ಲಿ ದುಡಿಮೆ ಬೇಕೆಂದರೆ ಸ್ಕ್ವಾಷ್ ಇದೆ, ಜಾಮ್ ಇದೆ. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ ತಲೆ ಎತ್ತಿ ಮಾರಬಹುದು.

ಆ ಬಾಟಲಿ ಏನಾಯಿತು?

ಮುಂದಿನ ಸಭೆಗೆ ನಾವು ಹೋದಾಗ ಆ ಸದಸ್ಯೆ ಬಾಟಲಿ ತಂದಿದ್ದರು. ಎಲ್ಲರೆದುರು ತೆಗೆದೆವು. ರಸ ಕತ್ತಿನಿಂದ ಮೂರು ಬೆರಳು ಇಳಿದಿತ್ತು. ಲೋಟಕ್ಕೆ ಬಗ್ಗಿಸಿದರೆ ಬೆಲ್ಲದ ನೀರಿನ ಬಣ್ಣ. ವಾಸನೆ ನೋಡಬೇಕಾಗಿಯೇ ಇರಲಿಲ್ಲ, ಕೂತಲ್ಲಿಗೇ ಹುಳಿ ಹೊಡೆಯಿತು. ಯಾರೂ ಮಾತಾಡಲಿಲ್ಲ. ಆ ತಾಯಿ ಸೆರಗು ಬಾಯಿಗೆ ಹಿಡಿದು ಅತ್ತರು. ‘ವೈನು ಹೋದ್ರೆ ಹೋಗ್ಲಿ ಅಕ್ಕ. ಅತ್ತೆವ್ರ ಕೈಯಿನದು ಅಂತ ಮನೇಲಿ ಉಳಿದಿದ್ದು ಇದೊಂದೇ’ ಅಂದರು.

ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಮಾತು ಹೇಳಿದರು. ಅವರ ಯಜಮಾನರು ಕುಡಿತ ಬಿಟ್ಟು ಮೂರು ವರ್ಷವಾಗಿತ್ತು. ಆ ಮೊದಲು ಆ ಮನೆಯಲ್ಲಿ ಸಂಘದ ಸಾಲ ಎರಡು ಸಾರಿ ಸಾರಾಯಿ ಅಂಗಡಿ ಬದಿಗೆ ಹೋಗಿತ್ತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ನಾವೆಲ್ಲ ಸಂತೋಷಪಟ್ಟೆವು, ಆದರೆ ಕುಡಿಯುವವರು ಬೇರೆ ಬಾಟಲಿ ಹುಡುಕಿಕೊಂಡರು ಅನ್ನುವುದು ನಿಮಗೆ ಗೊತ್ತೇ ಇದೆ. ಆಮೇಲೆ ಚಿಕಿತ್ಸೆ ತಗೊಂಡು ಬಿಟ್ಟರು. ಅಟ್ಟದ ಮೇಲಿನ ಈ ಬಾಟಲಿ ಅವರಿಗೆ ಗೊತ್ತಿತ್ತು. ಮದುವೆ ಮಾತು ಬಂದಾಗ ಅವರೇ ಹೆಂಡತಿಗೆ ಹೇಳಿದ್ದರಂತೆ: ‘ಅಮ್ಮ ಇಟ್ಟಿದ್ದು ಅಂತ ನಾನು ಬೇಡ ಅನ್ನಲಾರೆ. ಆದ್ರೆ ಅದನ್ನ ತೆಗೆದ ದಿನ ಎಲ್ಲರ ಕೈಲೂ ಲೋಟ ಇರ್ತದೆ. ನನ್ನ ಕೈ ಖಾಲಿ ಇರ್ಬೇಕು. ಅದು ನನಗೆ ಕಷ್ಟ ಆಗ್ತದೆ.’

ಕೇಳಿ ನಮಗೆ ನಾಚಿಕೆಯಾಯಿತು. ನಾವು ಒಂದು ತಿಂಗಳಿಂದ ಹುಳಿ, ಶಾಖ, ಬಿರಡೆ ಅಂತ ಓದಿಕೊಂಡು ಬಂದಿದ್ದೆವು. ಆ ಮನೆಯ ನಿಜವಾದ ಪ್ರಶ್ನೆ ವೈನು ಕೆಟ್ಟಿದೆಯಾ ಇಲ್ಲವಾ ಅನ್ನುವುದಾಗಿರಲಿಲ್ಲ. ಅದು ಬಹಳ ಚೆನ್ನಾಗಿದ್ದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. ಬಿಟ್ಟವರಿರುವ ಮನೆಯಲ್ಲಿ ಒಳ್ಳೇ ವೈನು, ಕೆಟ್ಟ ವೈನು ಅಂತ ಎರಡಿಲ್ಲ. ಇಂಥಾ ಮನೆಗೆ ಹಬ್ಬಕ್ಕೆ ಹೋದವರೂ ‘ಒಂದು ಗುಟುಕು ಏನಾಗಲ್ಲ’ ಅಂತ ಒತ್ತಾಯ ಮಾಡಬಾರದು. ಆ ಒಂದು ಗುಟುಕಿಗೆ ಮೂರು ವರ್ಷ ಕೊಚ್ಚಿಹೋಗಬಹುದು.

ಬಾಟಲಿಯನ್ನು ಅವರೇ ಹಿತ್ತಿಲಿಗೆ ಒಯ್ದು ಚೆಲ್ಲಿದರು. ಮದುವೆಗೆ ನಾವೂ ಹೋಗಿದ್ದೆವು. ಅತ್ತೆಯವರು ತರುತ್ತಿದ್ದಂಥದ್ದೇ ನೀಲಿ ದ್ರಾಕ್ಷಿ ತಂದು ಸಂಘದ ಅಕ್ಕಂದಿರೆಲ್ಲ ಸೇರಿ ಬೆಳಿಗ್ಗೆಯೇ ಹಿಂಡಿ ರಸ ಮಾಡಿದ್ದರು, ಅತ್ತೆಯವರ ಹಾಗೇ ಎರಡು ಚೂರು ಚಕ್ಕೆ ಹಾಕಿ. ಹುಡುಗಿಯ ಅಪ್ಪನೇ ಲೋಟ ಹಿಡಿದು ಸಾಲಿನಲ್ಲಿ ಎಲ್ಲರಿಗೂ ಬಡಿಸಿದರು. ಖಾಲಿ ಬಾಟಲಿಯನ್ನು ತೊಳೆದು ಆ ತಾಯಿ ಅಟ್ಟದಲ್ಲೇ ಇಟ್ಟುಕೊಂಡಿದ್ದಾರೆ.

ಅಕ್ಕಂದಿರೇ, ಈ ಸಭೆಯಿಂದ ಮನೆಗೆ ಹೋದ ಮೇಲೆ ಮೂರು ಕೆಲಸ ಮಾಡಿ. ಒಂದು, ಅಟ್ಟ, ಮಂಚದ ಕೆಳಗೆ ಹುಡುಕಿ. ಹಳೇ ಬಾಟಲಿ, ಹೆಸರಿಲ್ಲದ ಕ್ಯಾನು ಇದ್ದರೆ ಹೇಳಿದ ಕ್ರಮದಲ್ಲಿ ನೋಡಿ, ಅನುಮಾನ ಬಂದರೆ ಚೆಲ್ಲಿ. ಎರಡು, ಔಷಧಿ ಕ್ಯಾನುಗಳನ್ನು ಇವತ್ತೇ ತೂತು ಮಾಡಿ. ಮೂರು, ಮನೆಯಲ್ಲಿ ಕುಡಿತದ ಕಷ್ಟ ಇದ್ದರೆ ಒಳಗೊಳಗೇ ನುಂಗಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ದಾರಿ ಗೊತ್ತಿಲ್ಲದಿದ್ದರೆ ನಮ್ಮಲ್ಲಿ ಯಾರಿಗಾದರೂ ಹೇಳಿ, ಜೊತೆಗೆ ಬರುತ್ತೇವೆ.

ಹಿರಿಯರು ಇಟ್ಟುಹೋದದ್ದನ್ನು ಕಾಯಬೇಕು, ನಿಜ. ಆದರೆ ಅವರು ಕಾಯಿರಿ ಅಂದದ್ದು ಬಾಟಲಿಯನ್ನಲ್ಲ, ಮನೆಯನ್ನು. ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ. ಬಸ್ಸಿನ ಹೊತ್ತಾಯಿತು, ಉಳಿದ ಪ್ರಶ್ನೆ ಇದ್ದವರು ಊಟದ ಹೊತ್ತಿನಲ್ಲಿ ನಮ್ಮ ಪಕ್ಕ ಕೂತು ಕೇಳಿ.